ಮೇಟ್ರನ್ ಎಂ.ಎಸ್ಸಿ. ಓದಿದ್ದು

ನಲವತ್ತು ದಾಟಿದ ಮೇಲೆ ಮತ್ತೆ ತರಗತಿಗೆ ಹೋಗಿ ಕುಳಿತವರು ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬಂದು ಎದುರು ನಿಲ್ಲುತ್ತವೆ. ನಾನು ಸುಲಭಕ್ಕೆ ನಗುವವಳಲ್ಲ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಬೆನ್ನು ನೇರ ಇಟ್ಟು ಕೂರುವುದನ್ನೂ ಬಾಯಿ ಮುಚ್ಚಿ ನಗುವುದನ್ನೂ ಕಲಿಸಿದ್ದರು. ಎರಡನ್ನೂ ಇವತ್ತಿನವರೆಗೆ ಬಿಟ್ಟಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ಬೆಳ್ತಂಗಡಿ ಕಡೆಯ ಒಂದು ಆಸ್ಪತ್ರೆಯಲ್ಲಿ ನಾನು ಮೇಟ್ರನ್, ನರ್ಸುಗಳಿಗೆಲ್ಲ ಮೇಲಿನವಳು. ಅಲ್ಲಿ ಹೊಸದಾಗಿ ಐಸಿಯು ಆಗುವುದಿತ್ತು. ಆಡಳಿತದವರು ನನ್ನನ್ನು ಕರೆದು, "ಐಸಿಯು ನೋಡಿಕೊಳ್ಳಲಿಕ್ಕೆ ಎಂ.ಎಸ್ಸಿ. ನರ್ಸಿಂಗ್ ಆದವರೇ ಬೇಕು. ನೀವು ಓದಿ ಪಾಸಾದರೆ ನಿಮಗೇ. ಇಲ್ಲದಿದ್ದರೆ ಹೊರಗಿನಿಂದ ಕರೆಸ್ತೇವೆ, ನೀವು ಬೇಸರ ಮಾಡಬಾರದು" ಎಂದರು. ಬೇಸರ ಮಾಡುವ ಪ್ರಶ್ನೆಯೇ ಬರದ ಹಾಗೆ ನೋಡಿಕೊಳ್ಳುವುದೆಂದು ನಿಶ್ಚಯಿಸಿ, ನರ್ಸಿಂಗ್ ಕಾಲೇಜಿಗೆ ಸೇರಲು ಮೂಡುಬಿದಿರೆಯ ಬಸ್ಸು ಹತ್ತಿದೆ.

ಉಗುರು

ಮೊದಲ ದಿನ ನಾನು ತರಗತಿಯೊಳಗೆ ಕಾಲಿಟ್ಟದ್ದೇ ತಡ, ಹುಡುಗಿಯರೆಲ್ಲ ಎದ್ದು ನಿಂತರು. ಬೀದರದಿಂದ ಚಾಮರಾಜನಗರದವರೆಗಿನ ಹುಡುಗಿಯರು. ಎಲ್ಲರೂ ನನ್ನ ಮಗಳ ಪ್ರಾಯದವರು. "ಕೂತುಕೊಳ್ಳಿ, ನಾನೂ ನಿಮ್ಮ ಹಾಗೆಯೇ" ಎಂದು ಹೇಳಬೇಕೆಂದೇ ಬಾಯಿ ತೆರೆದೆ. ಆದರೆ ಎದ್ದು ನಿಂತ ನರ್ಸುಗಳ ಸಾಲನ್ನು ಕಂಡರೆ ನನ್ನ ಬಾಯಿಯಿಂದ ಬರುವ ಮಾತು ಒಂದೇ.

"ಕೈ ತೋರಿಸಿ."

ಎಲ್ಲರೂ ಕೈ ಚಾಚಿದರು. ನಾನು ಉಗುರು ನೋಡುತ್ತಾ ಎರಡನೆಯ ಬೆಂಚಿಗೆ ಬಂದಿದ್ದೆ. ಆಗ ಲೆಕ್ಚರರು ಒಳಗೆ ಬಂದರು. ನೋಡಿದರೆ, ಒಂದು ಕಾಲದಲ್ಲಿ ನನ್ನ ವಾರ್ಡಿನಲ್ಲೇ ಕಲಿತ ಹುಡುಗಿ. ಉಗುರು ಬಿಟ್ಟದ್ದಕ್ಕೆ ಅವಳನ್ನು ನಾನು ವಾರ್ಡಿನಿಂದ ಹೊರಗೆ ಕಳುಹಿಸಿದ್ದೂ ಉಂಟು. ಇನ್ನು ಎರಡು ವರ್ಷ ನನ್ನ ಪಾಸು ಫೇಲು ಇವಳ ಕೈಯಲ್ಲಿ ಎಂದು ನನಗೆ ಒಳಗೊಳಗೇ ಅಳುಕಾಯಿತು. ಅವಳು ನನ್ನನ್ನು ನೋಡಿದಳು. ಚಾಚಿದ ಕೈಗಳನ್ನು ನೋಡಿದಳು. ಆಮೇಲೆ ಪುಸ್ತಕವನ್ನು ಮೇಜಿನ ಮೇಲಿಟ್ಟು, ತಾನೂ ಎರಡೂ ಕೈ ಚಾಚಿದಳು.

ಉಗುರು ಸ್ವಚ್ಛವಾಗಿತ್ತು. ಹಾಗೆಂದು ಹೇಳಿ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ.

ಸ್ಟೆತಸ್ಕೋಪು

ಈ ಓದಿನಲ್ಲಿ ದೊಡ್ಡ ಪಾಠವೆಂದರೆ, ರೋಗಿಯನ್ನು ನಾವೇ ಪರೀಕ್ಷಿಸಬೇಕು, ಕಂಡದ್ದನ್ನು ನಾವೇ ನಿರ್ಧರಿಸಿ ಹೇಳಬೇಕು. ಇಷ್ಟು ವರ್ಷ ನಾನು ಮಾಡಿದ ಕೆಲಸ ಬೇರೆ. ಡಾಕ್ಟರು ಬಂದ ಕೂಡಲೇ ಎದ್ದು ನಿಲ್ಲುವುದು, ಸ್ಟೆತಸ್ಕೋಪು ಕೈಗೆ ಕೊಡುವುದು, ಟಾರ್ಚು ಹಿಡಿಯುವುದು.

ಒಂದು ದಿನ ನಾನು ಒಬ್ಬ ಕೃಷಿಕರ ಎದೆ ಪರೀಕ್ಷಿಸುತ್ತಿದ್ದೆ. ಮೀಸೆ ಸರಿಯಾಗಿ ಮೂಡದ ಒಬ್ಬ ಹೌಸ್ ಸರ್ಜನ್ ಬಂದ. ನಾನು ಎದ್ದು ನಿಂತು ಸ್ಟೆತಸ್ಕೋಪನ್ನು ಅವನ ಕೈಗೆ ಕೊಟ್ಟೆ.

ಅವನಿಗೆ ನನ್ನ ಮುಖ ನೋಡಿಯೇ ಹೆದರಿಕೆ. "ಬೇಡ ಸಿಸ್ಟರ್, ನೀವೇ ನೋಡಿ" ಎಂದು ಹಿಂದಕ್ಕೆ ಕೊಟ್ಟ.

"ಇಲ್ಲ ಡಾಕ್ಟರ್, ನೀವು ಬಂದಿದ್ದೀರಿ" ಎಂದೆ.

"ನಾನು ಸುಮ್ಮನೆ ಬಂದದ್ದು."

ಸ್ಟೆತಸ್ಕೋಪು ಆಚೆ ಹೋಯಿತು, ಈಚೆ ಬಂತು. ಅಂಗಿ ಬಿಚ್ಚಿ ಕುಳಿತಿದ್ದ ಕೃಷಿಕರು ತಾಳ್ಮೆಯಿಂದ ನೋಡಿದರು. ಕೊನೆಗೆ, "ನಿಮ್ಮಲ್ಲಿ ಯಾರಿಗೆ ಬರ್ತದೆ ಅಂತ ನೀವೇ ಮಾತಾಡಿಕೊಳ್ಳಿ. ಅಷ್ಟರಲ್ಲಿ ನಾನು ಅಂಗಿ ಹಾಕಿಕೊಳ್ಳುತ್ತೇನೆ, ಚಳಿ ಆಗ್ತದೆ" ಎಂದರು.

ನನ್ನ ಹಳೆಯ ವಿದ್ಯಾರ್ಥಿನಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಳಗೆ ಬಂದು ಸ್ಟೆತಸ್ಕೋಪನ್ನು ತಾನೇ ನನ್ನ ಕೊರಳಿಗೆ ಹಾಕಿ, "ಇದು ಇನ್ನು ಇಲ್ಲಿಂದ ಇಳಿಯಬಾರದು ಮೇಡಂ" ಎಂದಳು. ಎಷ್ಟು ಗಂಭೀರವಾಗಿ ಹೇಳಿದಳೆಂದರೆ, ಆ ದಿನ ನಾನು ಅದನ್ನು ಹಾಕಿಕೊಂಡೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಂಡಕ್ಟರು ತನ್ನ ಗ್ಯಾಸ್ಟ್ರಿಕ್ ವಿಷಯ ಹೇಳಿದ.

ಬೆಲ್ಲ

ಬೆಳ್ತಂಗಡಿ ಹತ್ತಿರದ ಲಾಯಿಲದಲ್ಲಿ ಮನೆಮನೆಗೆ ಹೋಗಿ ಸಕ್ಕರೆ ಕಾಯಿಲೆಯ ಬಗ್ಗೆ ತಿಳಿಸಿ ಹೇಳುವ ಕೆಲಸ ಕೊಟ್ಟರು. ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ನೀರು, ಬೆಲ್ಲ. ಅದನ್ನು ಮುಟ್ಟದೆ ಮಾತು ಶುರು ಮಾಡಿದರೆ ಮರ್ಯಾದೆಯಲ್ಲ. ನಾನು ಮರ್ಯಾದೆ ಬಿಟ್ಟವಳಲ್ಲ. ಹಾಗಾಗಿ ಪ್ರತಿ ಮನೆಯಲ್ಲೂ ಬೆಲ್ಲ ಬಾಯಿಗಿಟ್ಟುಕೊಂಡೇ ಸಿಹಿ ಬಿಡಬೇಕೆಂದು ಉಪದೇಶ ಮಾಡಿದೆ.

ಒಂದು ಮನೆಯ ಹಿರಿಯರು ಎಲ್ಲವನ್ನೂ ಕೇಳಿದರು. ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಹೆಂಡತಿಯನ್ನು ಕರೆದು, "ಇವಳೇ, ಬೆಲ್ಲದ ತಟ್ಟೆ ಒಳಗೆ ತೆಗೆದುಕೊಂಡು ಹೋಗು. ಪಾಪ, ಇವರಿಗೆ ಬಿಡಲಿಕ್ಕೆ ಆಗ್ತಾ ಇಲ್ಲ" ಎಂದರು.

ಹೊರಗಿನ ಬೆಂಚು

ಕೊನೆಗೆ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಐಸಿಯುವಿನ ಗೋಡೆಗೆ ಆಗಲೇ ಬಣ್ಣ ಹೊಡೆದಾಗಿತ್ತು. ನಾನು ಫೇಲಾದರೆ ಯಾರನ್ನು ಕರೆಸುವುದೆಂದು ಆಡಳಿತದವರು ವಿಚಾರಿಸಲು ತೊಡಗಿದ್ದಾರೆಂಬ ಸುದ್ದಿಯೂ ಇತ್ತು. ಪರೀಕ್ಷಕಿ ಹೊರ ಜಿಲ್ಲೆಯವರು. "ಅವರು ನಗುವುದನ್ನು ಯಾರೂ ನೋಡಿಲ್ಲವಂತೆ" ಎಂದು ಹುಡುಗಿಯರು ನಡುಗುತ್ತಿದ್ದರು. ನನಗೆ ಆ ಪರೀಕ್ಷಕಿಯ ಮೇಲೆ ಗೌರವ ಮೂಡಿತು.

ನನಗೆ ಸಿಕ್ಕಿದ ರೋಗಿ ಬಂಟ್ವಾಳ ಪೇಟೆಯ ಒಬ್ಬ ವ್ಯಾಪಾರಸ್ಥರ ಹೆಂಡತಿ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಮಂಚದ ಸುತ್ತ ಮನೆಯವರು: ಗಂಡ, ನಾದಿನಿಯರು, ಮಕ್ಕಳು, ಗಲ್ಫಿನಿಂದ ರಜೆಗೆ ಬಂದ ಭಾವ. ಎಲ್ಲರ ಮುಂದೆ ಫ್ಲಾಸ್ಕು ಹಿಡಿದ ಅತ್ತೆ. ಒಬ್ಬೊಬ್ಬರೂ ಒಂದೊಂದು ಹೇಳುತ್ತಿದ್ದರು. ಸ್ಟೆತಸ್ಕೋಪಿನಲ್ಲಿ ನನಗೆ ಕೇಳಿದ್ದು ಭಾವನ ದುಬೈ ಮಾತ್ರ.

"ಇದು ವಿಸಿಟಿಂಗ್ ಟೈಮ್ ಅಲ್ಲ. ಸಂಜೆ ನಾಲ್ಕಕ್ಕೆ ಬನ್ನಿ. ಈಗ ಎಲ್ಲರೂ ಹೊರಗೆ ಹೋಗಿ ಬೆಂಚಿನಲ್ಲಿ ಕೂತುಕೊಳ್ಳಿ" ಎಂದೆ.

ಅತ್ತೆ ಕದಲಲಿಲ್ಲ. ಮಂಚದ ಆಚೆ ಕೈಕಟ್ಟಿ ನಿಂತಿದ್ದ ಪರೀಕ್ಷಕಿಯತ್ತ ಬೆರಳು ತೋರಿಸಿ, "ನಾವು ಮನೆಯವರು. ಅವರು ಯಾರು? ಅವರು ನಿಲ್ಲಬಹುದು, ನಾವು ನಿಲ್ಲಬಾರದಾ ಸಿಸ್ಟರೇ? ಅವರು ಹೋದರೆ ನಾವೂ ಹೋಗ್ತೇವೆ" ಎಂದರು.

ನನ್ನ ಐಸಿಯು ಕಣ್ಣ ಮುಂದೆ ಬಂದು ಹೋಯಿತು. ಆದರೆ ಎಲ್ಲರೂ ಎಂದ ಮೇಲೆ ಎಲ್ಲರೂ. ನಾನು ಪರೀಕ್ಷಕಿಯ ಕಡೆ ತಿರುಗಿದೆ.

"ಮೇಡಂ, ತಾವೂ."

ಅವರು ಕಟ್ಟಿದ ಕೈ ಬಿಡಿಸಿದರು. ಆಮೇಲೆ ಹೊರಗೆ ಹೋದರು. ಅವರ ಹಿಂದೆ ಇಡೀ ಸಂಸಾರ.

ಕೋಣೆ ನಿಶ್ಶಬ್ದವಾಯಿತು. ಆಗ ಕೇಳಿತು, ಹೃದಯದ ಬಡಿತಗಳ ನಡುವೆ ತೀರಾ ಸಣ್ಣದೊಂದು ಗುಡುಗುಡು. ಕವಾಟ ಕಿರಿದಾದಾಗ ಬರುವ ಸದ್ದು. ಗಲಾಟೆಯಲ್ಲಿ ಅದು ಜನ್ಮಕ್ಕೂ ಕೇಳುತ್ತಿರಲಿಲ್ಲ. ಆ ಅಮ್ಮನ ಕೈ ಹಿಡಿದು ಮನಸ್ಸಿನಲ್ಲೇ ವಂದಿಸಿದೆ.

ಪರೀಕ್ಷಕಿಯನ್ನು ಕರೆಯಲು ಬಾಗಿಲಿಗೆ ಹೋದೆ. ಅವರು ಬೆಂಚಿನಲ್ಲಿ ಸಂಸಾರದ ನಡುವೆ ಕುಳಿತು ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದರು. ಅತ್ತೆಗೆ ಅಷ್ಟರಲ್ಲಿ ಇವರು ಯಾರೆಂದು ಗೊತ್ತಾಗಿತ್ತು. ಅವರು ಪರೀಕ್ಷಕಿಯ ಮೊಣಕೈ ಹಿಡಿದು ಬೇಡಿಕೊಳ್ಳುತ್ತಿದ್ದರು:

"ನೀವು ಒಂದು ಉಪಕಾರ ಮಾಡಬೇಕು. ಆ ಹೆಂಗಸನ್ನು ಪಾಸು ಮಾಡಬೇಡಿ. ಡಿಗ್ರಿ ಇಲ್ಲದೆಯೇ ಹೀಗೆ. ಡಿಗ್ರಿ ಸಿಕ್ಕಿದರೆ ನಮ್ಮನ್ನು ಗೇಟಿನ ಒಳಗೆ ಬಿಡಲಿಕ್ಕುಂಟಾ?"

ಪರೀಕ್ಷಕಿ ಎದ್ದು, "ನಾನೀಗ ಒಳಗೆ ಬರಬಹುದಾ?" ಎಂದು ನನ್ನನ್ನು ಕೇಳಿದರು.

"ಬರಬಹುದು. ಚಹಾ ಅಲ್ಲೇ ಇಡಿ" ಎಂದೆ.

ಅವರು ತಾವೇ ಸ್ಟೆತಸ್ಕೋಪು ಇಟ್ಟು ಆ ಸದ್ದನ್ನು ಕೇಳಿದರು. ತುಂಬ ಹೊತ್ತು ಕೇಳಿದರು. ನನ್ನನ್ನು ಪಾಸು ಮಾಡಿದರು. ಅವರ ಋಣವೂ, ನನ್ನ ಕೊರಳಿಗೆ ಸ್ಟೆತಸ್ಕೋಪು ಹಾಕಿದ ಹುಡುಗಿಯ ಋಣವೂ ತೀರುವಂಥದ್ದಲ್ಲ.

ಐಸಿಯು ಶುರುವಾಗಿ ಕೆಲವು ತಿಂಗಳಾಗಿತ್ತು. ಲಾಯಿಲದ ಒಬ್ಬ ನೆಂಟರನ್ನು ದಾಖಲು ಮಾಡಿದ್ದಾರೆಂದು ಬಂಟ್ವಾಳದ ಅದೇ ಸಂಸಾರ ಕಾರಿನಿಂದ ಇಳಿದು ಬಂತು. ಕವಾಟದ ಆಪರೇಷನ್ ಮಾಡಿಸಿಕೊಂಡಿದ್ದ ಸೊಸೆ ಏದುಸಿರಿಲ್ಲದೆ ಮೆಟ್ಟಿಲು ಹತ್ತಿ ಬಂದಳು. ಹಿಂದಿನಿಂದ ಫ್ಲಾಸ್ಕು ಹಿಡಿದ ಅತ್ತೆ. ಬಾಗಿಲಲ್ಲಿ ನಾನು ನಿಂತಿದ್ದೆ.

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಮನೆಯವರ ಕಡೆ ತಿರುಗಿ ಹೇಳಿದರು:

"ಬೆಂಚು ಎಲ್ಲುಂಟು ನೋಡಿ, ಕೂತುಕೊಳ್ಳುವ. ಇವರು ಪಾಸಾಗಿದ್ದಾರೆ."