ಖಂಡೆ ಪೂಜೆಗೆ ಕೂತ ಬ್ಯಾಕಪ್

ಮನುಷ್ಯನಿಗೆ ಬುದ್ಧಿ ಸ್ವಲ್ಪ ಕಡಿಮೆಯಿದ್ದರೂ ನಡೆಯುತ್ತದೆ, ಭಕ್ತಿ ಮಾತ್ರ ಹೆಚ್ಚಾಗಬಾರದು; ಅದರಲ್ಲೂ ಅಂಗಡಿಯಲ್ಲಿ ಕಂಪ್ಯೂಟರ್ ಇದ್ದರೆ. ನಾನು ಮುದ್ದೇಬಿಹಾಳದಲ್ಲಿ ಹೆಂಗಸರ ಜಂಪರ್ ಹೊಲಿಯುವವನು. ಉಳಿದ ಟೇಲರುಗಳೆಲ್ಲ ಅಳತೆಗೆ ಹಳೇ ಜಂಪರ್ ಕೇಳುವಾಗ ನಾನೊಬ್ಬನೇ, "ಏನೂ ತರಬ್ಯಾಡ್ರಿ ಅಕ್ಕಾರ, ಎಲ್ಲಾ ಕಂಪ್ಯೂಟರ್‌ನ್ಯಾಗ ಐತಿ" ಎಂದು ಜಂಬ ಕೊಚ್ಚುತ್ತಿದ್ದೆ. ಸಾಲದ್ದಕ್ಕೆ, ಅಳತೆಗಳ ಇನ್ನೊಂದು ಪ್ರತಿಯನ್ನು ಹಾರ್ಡ್ ಡಿಸ್ಕಿಗೆ ತುಂಬಿ ಬಸವನ ಬಾಗೇವಾಡಿಯ ಮಾವನ ಮನೆಯಲ್ಲಿ ಇಟ್ಟಿದ್ದೆ. ಇಲ್ಲಿ ಬೆಂಕಿ ಬಿದ್ದರೂ ಅಲ್ಲಿ ಅಳತೆ ಭದ್ರ ಎಂಬ ಲೆಕ್ಕಾಚಾರ.

ದಸರೆಯ ಖಂಡೆ ಪೂಜೆ ಬಂತು. ಹೊಲಿಗೆ ಯಂತ್ರ, ಕತ್ತರಿ, ಇಸ್ತ್ರಿ ಪೆಟ್ಟಿಗೆ, ಕಂಪ್ಯೂಟರ್ ಎಲ್ಲಕ್ಕೂ ವಿಭೂತಿ ಹಚ್ಚಿ ಚೆಂಡು ಹೂ ಏರಿಸಿದೆವು. ಆಗ ಹೆಂಡತಿ ಸಾವಿತ್ರಿಗೆ ನೆನಪಾಯಿತು. "ಆ ಡಿಸ್ಕಿಗೆ ಪೂಜಿ ಬ್ಯಾಡೇನ್ರಿ? ಪಾಪ, ವರ್ಷಗಟ್ಲೆ ದುಡಿದೈತಿ."

"ದುಡಿದಿಲ್ಲ, ಬರೇ ಮಲಗೈತಿ."

"ನೀವೂ ಮಲಗತೀರಿ. ನಿಮಗ ಪ್ರಸಾದ ಕೊಡೂದಿಲ್ಲೇನು?"

ಮಾವನ ಮನೆಗೆ ಫೋನ್ ಹಚ್ಚಿದೆ. ಅವಳ ತಮ್ಮ ಡಿಸ್ಕನ್ನು ಬಸ್ಸಿನಲ್ಲಿ ತಂದುಕೊಟ್ಟ. ಒಳ್ಳೆಯ ಮುಹೂರ್ತದಲ್ಲಿ ಹೊಸ ಅಳತೆಗಳೂ ಸೇರಲಿ ಎಂದು ಅದನ್ನು ಕಂಪ್ಯೂಟರಿಗೆ ಜೋಡಿಸಿದೆ. ಎರಡಕ್ಕೂ ಒಂದೇ ಹಾರ, ಥೇಟ್ ಮದುಮಕ್ಕಳು. ಕಾಯಿ ಒಡೆದು, ಭಕ್ತಿ ಉಕ್ಕಿ, ನೀರನ್ನು ನಾನೇ ಇಬ್ಬರ ಮೇಲೂ ಎರೆದೆ. ಚಟ್ ಎಂದಿತು.

ರಿಪೇರಿಯವನು ಎರಡನ್ನೂ ಬಿಚ್ಚಿ, "ಒಂದ ಕಾಯಾಗ ಇಬ್ಬರನ್ನೂ ಮುಗಿಸಿರಲ್ರಿ ಮಾಸ್ತರ" ಎಂದ.

"ಏನೂ ಸಿಗೂದಿಲ್ಲೇನ್ರಿ?"

"ಕೊಬ್ಬರಿ ವಾಸನಿ ಸಿಗತೈತಿ ನೋಡ್ರಿ."

ದೀಪಾವಳಿ ಎದುರಿಗಿತ್ತು. ಜಂಪರ್ ಬಿಗಿಯಾದರೆ ಓಣಿಗೆ ಓಣಿಯೇ ಎದುರಂಗಡಿಗೆ ಹೋಗುತ್ತದೆ ಎಂದು ನನಗೆ ಜೀವವೇ ಹೋದಂತಾಯಿತು. ಜಂಬ ನುಂಗಿಕೊಂಡು ಎಲ್ಲರ ಬಳಿ ಹಳೇ ಜಂಪರ್ ಬೇಡಿದೆ. ಮೊಮ್ಮಕ್ಕಳನ್ನು ಕಂಡ ನೀಲವ್ವಕ್ಕ ತಮ್ಮ ಮದುವೆಯ ಜಂಪರನ್ನೇ ತಂದಿಟ್ಟರು.

"ಅಕ್ಕಾರ, ಸಾವಿತ್ರಿ ಹೊಸದಾಗಿ ಅಳತಿ ತಗೋತಾಳ್ರಿ."

"ಯಾಕ? ನಾ ಏನ್ ಬದಲಾಗೇನಿ?"

ಹೌದು ಎನ್ನುವ ಧೈರ್ಯ ಯಾವ ಟೇಲರಿಗಿದೆ? ಅವರಾದ ಮೇಲೆ ಬಂದವರೂ ಹಾಗೆಯೇ. ಡೇಟಾ ವಾಪಸ್ ಬಂದಿತ್ತು, ಆದರೆ ಅವರವರು ತೆಳ್ಳಗಿದ್ದ ಕಾಲದ್ದು. ಸಾವಿತ್ರಿಯೇ ಕಾಪಾಡಿದಳು. ಬಂದವರನ್ನು ಬಾಗಿಲವರೆಗೆ ಕಳಿಸುವ ನೆಪದಲ್ಲಿ ಹಿಂದಿನಿಂದ ಕಣ್ಣಳತೆ ತೆಗೆದು, "ಇವರಿಗೆ ಎರಡು ಬೆರಳು ಸಡಲ ಬಿಡ್ರಿ" ಎಂದು ಪಿಸುಗುಡುತ್ತಿದ್ದಳು. ಹಬ್ಬದ ದಿನ ನೀಲವ್ವಕ್ಕ, "ನೋಡ್ರಿ, ಮದುವ್ಯಾಗಿನ ಅಳತಿನ ಐತಿ ನಂದು!" ಎಂದು ಓಣಿತುಂಬ ಮೆರೆದರು. ನಾನು ಒಳಗೊಳಗೇ ನಕ್ಕೆ.

ಅದೇ ಹಬ್ಬಕ್ಕೆ ಸಾವಿತ್ರಿ ನನಗೊಂದು ಅಂಗಿ ಹೊಲಿದಿದ್ದಳು. ಅಳತೆಗೆ ನನ್ನ ಮದುವೆಯ ಅಂಗಿ ಕೊಟ್ಟಿದ್ದೆ. ತೊಟ್ಟರೆ ಎರಕ ಹೊಯ್ದಂತೆ ಕೂತಿತು. ಕನ್ನಡಿಯ ಮುಂದೆ ಎದೆಯುಬ್ಬಿಸಿ, "ನೋಡಿದೇನ? ನಾ ಮಾತ್ರ ಒಂಚೂರೂ ಬದಲಾಗಿಲ್ಲ!" ಎಂದೆ.

"ಹೌದ್ರಿ" ಎಂದಳು ಸಾವಿತ್ರಿ, ಹೋಳಿಗೆಗೆ ತುಪ್ಪ ಹಾಕುತ್ತ. "ನಿಮಗ ನಾಕು ಬೆರಳು ಬಿಟ್ಟೇನಿ."