ಚೆಂದವ್ವನ ಆಹಾರ ಖಾತೆ

ನಮ್ಮ ಮನೆಯಲ್ಲಿ ಮೊದಲ ಊಟ ಚೆಂದವ್ವನಿಗೆ. ಆಮೇಲೆ ಚೆಂದವ್ವನ ಕರುವಿಗೆ. ಅದಾದ ಮೇಲೂ ಏನಾದರೂ ಉಳಿದಿದ್ದು, ಯಾರಿಗಾದರೂ ನನ್ನ ನೆನಪಾದರೆ, ನನಗೆ. ಚೆಂದವ್ವ ಎಂದರೆ ನಮ್ಮ ಅತ್ತೆಯವರಲ್ಲ, ಎಮ್ಮೆ. (ಅತ್ತೆಯವರಾಗಿದ್ದರೆ ನಾಲ್ಕು ದಿನ ಇದ್ದು ಊರಿಗೆ ಹೋಗುತ್ತಿದ್ದರು.)

ನನ್ನ ಹೆಂಡತಿ ಮಹೇಶ್ವರಿಗೆ ಒಂದೇ ಆಸೆ. ನಮ್ಮೂರು ಮರಳಿಯ ಹಾಲಿನ ಡೇರಿಯವರು ವರ್ಷಕ್ಕೊಮ್ಮೆ ನಡೆಸುವ ಹಾಲು ಕರೆಯುವ ಸ್ಪರ್ಧೆಯಲ್ಲಿ ತಾಮ್ರದ ಕೊಡ ಗೆಲ್ಲಬೇಕು. ಹೋದ ಸಲ ಅದನ್ನು ಪಕ್ಕದ ಮನೆಯ ಹುಲಿಗವ್ವ ಗೆದ್ದಿದ್ದಳು. ಹುಲಿಗವ್ವನ ಮನೆಯೊಳಗೇ ನಳ ಇದೆ. ಆದರೂ ದಿನಾ ಆ ಕೊಡ ಹೊತ್ತು ಓಣಿಯ ನಳಕ್ಕೆ ಬರುತ್ತಾಳೆ, ಸರಿಯಾಗಿ ನಮ್ಮ ಬಾಗಿಲ ಮುಂದೆ ನಿಂತು ಕೊಡವನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸುತ್ತಾಳೆ. ಅದು ಕಂಡ ದಿನ ನಮ್ಮ ಸಾರಿಗೆ ಖಾರ ಜಾಸ್ತಿ.

ಹೀಗಿರುವಾಗ ಗಂಗಾವತಿಯಲ್ಲಿ ಎಮ್ಮೆಗಳ ವೈಜ್ಞಾನಿಕ ಆಹಾರದ ಬಗ್ಗೆ ತರಬೇತಿ ನಡೆಯಿತು. ನಾನು ಹೋದದ್ದು ಊಟಕ್ಕೆ ಹೋಳಿಗೆ ಇದೆ ಎಂದು ಕೇಳಿ. ಆದರೆ ಹೋಳಿಗೆ ಬಡಿಸುವುದು ತಡವಾಯಿತು. ಅಲ್ಲಿಯವರೆಗೆ ಬೇರೆ ದಾರಿಯಿಲ್ಲದೆ ಜ್ಞಾನವೆಲ್ಲ ತಲೆಗೆ ಹೊಕ್ಕುಬಿಟ್ಟಿತು. ಮನೆಗೆ ಬಂದವನೇ ಘೋಷಣೆ ಹೊರಡಿಸಿದೆ.

"ಬರೇ ಭತ್ತದ ಹುಲ್ಲು ಹಾಕಿದ್ರ ಹಾಲು ಬರೂದಿಲ್ಲ. ಹಸಿ ಮೇವು ಬೇಕು, ಒಣ ಮೇವು ಬೇಕು, ಕಾಳು ಬೇಕು, ಹಿಂಡಿ ಬೇಕು. ಎಲ್ಲಾ ಹೊತ್ತಿಗೆ ಸರಿಯಾಗಿ ಬೇಕು. ಇವತ್ತಿನಿಂದ ಚೆಂದವ್ವನ ಆಹಾರ ಖಾತೆ ನಂದು!"

"ಹಂಗಾದ್ರ ಸೆಗಣಿ ಬಳಿಯೋ ಖಾತೇನೂ ನೀವ ತಗೋರಿ," ಎಂದಳು ಮಹೇಶ್ವರಿ.

ಕೊನೆಗೆ ಒಪ್ಪಂದವಾಯಿತು. ಅದು ನಾಟಿಯ ಕಾಲ. ಅವಳು ಬೆಳಿಗ್ಗೆ ಗದ್ದೆಗೆ ಹೋದರೆ ಬರುವುದು ಸಂಜೆಗೆ. ಬೆಳಿಗ್ಗೆ, ಸಂಜೆಯ ಹುಲ್ಲು ಅವಳದು. ಮಧ್ಯಾಹ್ನ ನಾನು ಪಂಚಾಯ್ತಿ ಕಚೇರಿಯಿಂದ ಊಟಕ್ಕೆ ಬಂದಾಗ ಚೆಂದವ್ವನಿಗೂ ಉಣಿಸಬೇಕು. ಮರುದಿನ ಹೊರಡುವಾಗ ಅವಳು ಏನೇನೋ ಹೇಳಿದಳು. ನಾನು ಮೊಬೈಲಿನಲ್ಲಿ ಹರಿಯಾಣದ ಎಮ್ಮೆಯೊಂದರ ವೈಭವ ನೋಡುತ್ತಿದ್ದೆ. ಪಾತೇಲಿ, ಬುಟ್ಟಿ, ಚೆಂದವ್ವ, ನಿಮಗ, ಇಷ್ಟು ಶಬ್ದ ಕಿವಿಗೆ ಬಿದ್ದವು. "ಹೂಂ" ಎಂದೆ. (ಗಂಡನ ಹೂಂಗೆ ಕೇಳಿಸಿತು ಎಂದು ಅರ್ಥವಲ್ಲ, ಬೇಗ ಮುಗಿಸು ಎಂದು ಅರ್ಥ.)

ಮಧ್ಯಾಹ್ನ ಬಂದು ಒಲೆಯ ಮೇಲಿನ ಪಾತೇಲಿಯ ಮುಚ್ಚಳ ತೆಗೆದೆ. ಹುರುಳಿ, ಸಜ್ಜೆ, ಮೆಂತ್ಯ ಹಾಕಿ, ಮೇಲೆ ಬೆಲ್ಲ ಬೆರೆಸಿದ ಗುಗ್ಗರಿ! ನನ್ನ ಕಣ್ಣು ತುಂಬಿ ಬಂದವು. 'ನಿಶ್ಶಕ್ತಿ, ನಿಶ್ಶಕ್ತಿ' ಎಂದು ನಾನು ಗೊಣಗಿದ್ದು ಅಂತೂ ಇವಳಿಗೆ ಕೇಳಿಸಿತಲ್ಲ! ಉಪ್ಪು ಇರಲಿಲ್ಲ. ನನ್ನ ಬಿಪಿಯನ್ನೂ ಮರೆತಿಲ್ಲ, ಮಹಾಸಾಧ್ವಿ.

ಪಕ್ಕದ ಬುಟ್ಟಿಯಲ್ಲಿ ಒಣಗಿದ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಇದ್ದವು. ಉಳಿದ ರೊಟ್ಟಿ ಎಮ್ಮೆಗೆ ಹಾಕುವುದು ನಮ್ಮೂರ ಪದ್ಧತಿ. ರೊಟ್ಟಿಯನ್ನು ಒಣ ಮೇವಿಗೆ, ಪುಂಡಿಪಲ್ಯವನ್ನು ಹಸಿ ಮೇವಿಗೆ, ಚಟ್ನಿಯನ್ನು ಹಿಂಡಿಗೆ ಜಮಾ ಹಿಡಿದು ಚೆಂದವ್ವನ ಮುಂದಿಟ್ಟೆ. ಅವಳು ಪಲ್ಯ ನೆಕ್ಕಿ ನನ್ನನ್ನು ಎಷ್ಟು ಪ್ರೀತಿಯಿಂದ ನೋಡಿದಳೆಂದರೆ, ಮದುವೆಯಾದಾಗಿನಿಂದ ಹಾಗೆ ನನ್ನನ್ನು ಯಾರೂ ನೋಡಿರಲಿಲ್ಲ. ಪಾತೇಲಿ ಖಾಲಿ ಮಾಡಿ ತೊಳೆದಿಟ್ಟೆ.

"ಇವತ್ತಿಂದು ಭಾಳ ಛಲೋ ಆಗಿತ್ತು," ಎಂದೆ ಸಂಜೆ.

"ಅಷ್ಟು ಸೇರಿದ್ರ ನಾಳಿನೂ ಮಾಡ್ತೀನಿ ತಗೋರಿ," ಎಂದಳು. ಸಂಸಾರ ಎಂದರೆ ಹೀಗಿರಬೇಕು.

ಆದರೆ ಹಾಲು ಇಳಿಯತೊಡಗಿತು. "ರೀ, ಏನಾಗೈತಿ ಚೆಂದವ್ವಗ? ಬಕೀಟು ಅರ್ಧಾನೂ ತುಂಬವಲ್ದು," ಎಂದಳು ಮಹೇಶ್ವರಿ.

ನಾನು ತರಬೇತಿಯ ಗತ್ತಿನಲ್ಲಿ ಕಾಲು ಮೇಲೆ ಕಾಲು ಹಾಕಿದೆ. "ಪೌಷ್ಟಿಕಾಂಶದ ಕೊರತಿ. ಕಾಳಿನ ಪ್ರಮಾಣ ಹೆಚ್ಚು ಮಾಡು. ಬೆಲ್ಲಾನೂ ಹಾಕು. ಜಿಪುಣತನ ಮಾಡಿದ್ರ ಕೊಡ ಬರ್ತೈತೇನು?"

ಹೆಚ್ಚು ಮಾಡಿದಳು. ಮರುದಿನ ಒಲೆಯ ಮೇಲೆ ಇನ್ನೂ ದೊಡ್ಡ ಪಾತೇಲಿ! ಎಮ್ಮೆಯ ಚಿಂತೆಯ ನಡುವೆಯೂ ನನಗೆ ಹೆಚ್ಚು ಮಾಡಿದ್ದಾಳಲ್ಲ ಎಂದು ಎದೆ ಉಬ್ಬಿತು. ಎದೆಗಿಂತ ಮುಂಚೆ ಹೊಟ್ಟೆ ಉಬ್ಬಿತು. ಬಿಟ್ಟರೆ ಅವಳ ಮನಸ್ಸಿಗೆ ನೋವಾದೀತೆಂದು ಏದುಸಿರು ಬಿಡುತ್ತ ತಳದವರೆಗೂ ತಿಂದೆ. ಹಾಲು ಇಳಿದಷ್ಟೂ ಪಾತೇಲಿ ಏರಿತು, ಪಾತೇಲಿ ಏರಿದಷ್ಟೂ ಹಾಲು ಇಳಿಯಿತು. ನನ್ನ ಮುಖ ಎಣ್ಣೆ ಹಚ್ಚಿದಂತೆ ಮಿಂಚತೊಡಗಿತು. ಕಚೇರಿಯ ಜಿಲಾನಸಾಬ "ಏನ್ರೀ ಗಾದಿಲಿಂಗಪ್ಪ, ಮಾವನ ಮನಿಗೆ ಹೋಗಿದ್ರೇನು?" ಎಂದು ಕೇಳಿದ.

ಸ್ಪರ್ಧೆಯ ದಿನ ಡೇರಿಯ ಅಂಗಳ ಕಿಕ್ಕಿರಿದಿತ್ತು. ಹುಲಿಗವ್ವನ ಎಮ್ಮೆ ಬಕೀಟು ತುಂಬಿ ನೊರೆ ಚೆಲ್ಲಿತು. ಚೆಂದವ್ವನ ಹಾಲು ಬಕೀಟಿನ ತಳ ಮುಚ್ಚಿತು, ಅಷ್ಟೇ. ಮಹೇಶ್ವರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಶುವೈದ್ಯೆ ಅಂಜಲಿ ಚೆಂದವ್ವನ ಪಕ್ಕೆಲುಬು ಮುಟ್ಟಿ ನೋಡಿ, "ಏನು ತಿನ್ನಸ್ತೀರಿ ಇದಕ್ಕ?" ಎಂದರು.

"ಹುರುಳಿ, ಸಜ್ಜಿ, ಮೆಂತ್ಯೆ, ಬೆಲ್ಲದ ಗುಗ್ಗರಿ ಮೇಡಂ. ದಿನಾ ಪಾತೇಲಿ ತುಂಬ ಮಾಡಿಟ್ಟು ಹೋಗ್ತೀನ್ರಿ, ನಮ್ಮ ಮನಿಯವ್ರು ತಿನ್ನಸ್ತಾರ."

ನನ್ನ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು.

"ಅದು... ಚೆಂದವ್ವಂದೇನು?" ಎಂದುಬಿಟ್ಟೆ. ಬಾಯಿ ಮುಚ್ಚಿಕೊಂಡಿರಬಾರದಿತ್ತೇ!

"ಮತ್ಯಾರ್ದು? ಒಲಿ ಮ್ಯಾಲಿಂದು ಚೆಂದವ್ವಗ, ಬುಟ್ಟ್ಯಾಗಿಂದು ನಿಮಗ ಅಂತ ದಿನಾ ಒದರಿ ಹೋಗ್ತೀನಿ, ನೀವು ಹೂಂ ಅಂತೀರಿ! ಚೆಂದವ್ವಗ ಏನು ಹಾಕೀರಿ?"

"ರೊಟ್ಟಿ... ಪುಂಡಿಪಲ್ಯ..."

ಡೇರಿಯ ಅಂಗಳದ ಅಷ್ಟೂ ಕಣ್ಣು ಚೆಂದವ್ವನ ಪಕ್ಕೆಲುಬಿನಿಂದ ನನ್ನ ಹೊಟ್ಟೆಗೆ ಬಂದು ನಿಂತವು. ಡಾಕ್ಟರ್ ಅಂಜಲಿ ಕೆಮ್ಮಿನ ನೆಪದಲ್ಲಿ ಅತ್ತ ತಿರುಗಿದರು. ಜನ ನಕ್ಕ ನಗೆಗೆ ಎಮ್ಮೆಗಳು ಹಗ್ಗ ಜಗ್ಗಿದವು. ಎರಡನೆಯ ತಾಮ್ರದ ಕೊಡವೂ ಹುಲಿಗವ್ವನ ಸೊಂಟ ಏರಿತು.

ಮನೆಗೆ ಹೋದರೆ ನನ್ನ ಗತಿಯೇನು ಎಂದು ನಡುಗುತ್ತಿದ್ದಾಗ ಹುಲಿಗವ್ವ ನಮ್ಮತ್ತಲೇ ಬಂದಳು. ನನ್ನನ್ನು ಸುತ್ತು ಹಾಕಿ, ಸಂತೆಯಲ್ಲಿ ಹೋರಿ ನೋಡುವವರ ಹಾಗೆ ಮೇಲಿಂದ ಕೆಳಗೆ ನೋಡಿದಳು.

"ಮಹೇಶವ್ವ, ನಮ್ಮನಿಯಾಂವ ಗಿಡ್ಡಪ್ಪ ಒಣಗಿ ಕಡ್ಡಿ ಆಗ್ಯಾನ. ಯಾವ ಡಾಕ್ಟರ್ ಔಷಧನೂ ಹತ್ತವಲ್ದು. ಆ ಗುಗ್ಗರಿ ಹೆಂಗ ಮಾಡ್ತಿ ಹೇಳವಾ, ನಿನ್ನ ಕಾಲು ಬೀಳ್ತೀನಿ."

ಮಹೇಶ್ವರಿ ಕಣ್ಣಿಗೆ ಒತ್ತಿದ್ದ ಸೆರಗನ್ನು ಇಳಿಸಿದಳು. ಹುಲಿಗವ್ವನ ಸೊಂಟದ ಮೇಲಿನ ಕೊಡವನ್ನು ನೋಡಿದಳು.

"ಹೇಳ್ತೀನಕ್ಕ. ನಿನ್ನ ಹತ್ರ ಈಗ ಎರಡು ಕೊಡ ಆದವಲ್ಲ?"

ಈಗ ಗಿಡ್ಡಪ್ಪ ಗುಂಡಗೆ ಮಿಂಚುತ್ತಿದ್ದಾನೆ. ಚೆಂದವ್ವನ ಗುಗ್ಗರಿಯನ್ನು ಮಹೇಶ್ವರಿ ಗದ್ದೆಗೆ ಹೋಗುವ ಮುಂಚೆ ತಾನೇ ನಿಂತು ತಿನ್ನಿಸುತ್ತಾಳೆ, ಹಾಲು ಬಕೀಟು ತುಂಬುತ್ತಿದೆ. ಆದರೆ ರುಚಿ ಹತ್ತಿದ ಚೆಂದವ್ವ ಪುಂಡಿಪಲ್ಯವಿಲ್ಲದೆ ಗುಗ್ಗರಿ ಮುಟ್ಟುವುದಿಲ್ಲ. ಹಾಗಾಗಿ ಪಲ್ಯವೂ ಅವಳಿಗೇ, ನನಗೆ ಒಣ ರೊಟ್ಟಿ. ತಾಮ್ರದ ಕೊಡ ನಮ್ಮ ಮನೆಯಲ್ಲಿದೆ. ಅದರಲ್ಲಿ ದಿನಾ ಓಣಿಯ ನಳದಿಂದ ಚೆಂದವ್ವನಿಗೆ ನೀರು ಬರಬೇಕು, ಹುಲಿಗವ್ವನ ಬಾಗಿಲ ಮುಂದೆ ನಿಂತು ಸೊಂಟ ಬದಲಿಸಿ ಬರಬೇಕು ಎಂದು ಮಹೇಶ್ವರಿಯ ಆಜ್ಞೆ.

ಹೊರುವವನು ನಾನು.