ಆಲ್ಬಂ ಅಂದರೆ ಬಿಳಿಯಂತೆ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಯುಗಾದಿಯ ಮಾರನೇ ದಿನ, ವರ್ಷತೊಡಕಿನ ಬೆಳಿಗ್ಗೆ. ನಮ್ಮೂರು ತಿಪ್ಪಸಂದ್ರದ ಗಂಡಸರೆಲ್ಲ ಗುಡ್ಡೆಮಾಂಸದ ಪಾಲಿಗೆ ಕಾದು ಕೂತಿದ್ದರು. ಅಂಥ ದಿನ ಊರು ಬಿಟ್ಟವನಿಗೆ ಬುದ್ಧಿ ಇಲ್ಲ ಎಂದು ನಮ್ಮ ಚಿಕ್ಕಪ್ಪ ಈಗಲೂ ಹೇಳುತ್ತಾನಂತೆ. ಬಿಟ್ಟದ್ದಕ್ಕಲ್ಲ, ಊಟಕ್ಕೆ ಮುಂಚೆ ಬಿಟ್ಟದ್ದಕ್ಕೆ.

ಏಳನೇ ಕ್ಲಾಸಿಗೇ ಸ್ಕೂಲು ಮುಗಿಸಿದ್ದೆ. ಆಮೇಲೆ ಲಾರಿ ಕ್ಲೀನರ್ ಆದೆ, ಕಲ್ಲು ಕ್ವಾರಿಗೆ ಹೋದೆ, ಚನ್ನಪಟ್ಟಣದಲ್ಲಿ ಬೊಂಬೆಗೆ ಅರಗು ಹಚ್ಚಿದೆ. ಎಲ್ಲೂ ನಿಲ್ಲಲಿಲ್ಲ. ರಾಮನಗರದ ಒಂದು ಫೋಟೋ ಸ್ಟುಡಿಯೋದಲ್ಲಿ ಮಾತ್ರ ಒಂದಿಷ್ಟು ಕಾಲ ನಿಂತೆ. ಫೋಟೋ ಅಂಟಿಸಿ ಆಲ್ಬಂ ಕಟ್ಟುವುದು, ಕಟ್ಟಿದ್ದನ್ನು ಬಸ್ಸಿನಲ್ಲಿ ಹೊತ್ತು ಮನೆಗಳಿಗೆ ಮುಟ್ಟಿಸುವುದು ನನ್ನ ಕೆಲಸ. ಕಪ್ಪು ಬಿಳುಪು ಹೋಗಿ ಕಲರ್ ಬರುತ್ತಿದ್ದ ಕಾಲ ಅದು. ಮದುವೆಯ ನಗು ಫೋಟೋದಲ್ಲಿ ಹಾಗೇ ಇರುತ್ತದೆ, ಆಲ್ಬಂ ಮುಟ್ಟಿಸುವ ಹೊತ್ತಿಗೆ ಮನೆಯಲ್ಲಿ ಇರುವುದಿಲ್ಲ. ಹಾಗಾಗಿ ಈ ಕೆಲಸದಲ್ಲಿರುವವನಿಗೆ ಈ ಕೆಳಗಿನಂಥ ಸಂಗತಿಗಳು ಎದುರಾಗುತ್ತಲೇ ಇರುತ್ತವೆ.

೧. ತೂಕಕ್ಕೆ ಹೋದ ಮುಖಗಳು

ಸ್ಟುಡಿಯೋ ಹಿಂದಿನ ಬೀದಿಯಲ್ಲಿ ಒಬ್ಬ ಚಾಚಾ ಇದ್ದರು. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಫಿಲೇಚರ್ ಅವರದು. ಅವರು ಬಂದರೆ ಬೆಂದ ಹುಳುವಿನ ವಾಸನೆ ಮೊದಲು ಬಂದು ಕೂರುತ್ತಿತ್ತು. ರಂಜಾನ್ ಕಳೆದ ಮೇಲೆ ಅವರ ಹೆಂಡತಿ ತೀರಿಕೊಂಡರು. ಸ್ವಲ್ಪ ದಿನಕ್ಕೆ ಚಾಚಾ ಸ್ಟುಡಿಯೋಗೆ ಬಂದು, ಕೌಂಟರಿನ ಮೇಲೆ ಎರಡೂ ಕೈ ಊರಿ ನಿಂತರು.

"ನಮ್ಮ ಮನೆಯವಳದ್ದು ಒಂದು ಫೋಟೋ ಬೇಕಾಗಿತ್ತು."

"ನೀವು ತೆಗೆಸಿದ್ದಿರಾ?" ಎಂದರು ನಮ್ಮ ಯಜಮಾನರು.

"ಇಲ್ಲ. ಒಂದೂ ಇಲ್ಲ. ರೇಷನ್ ಕಾರ್ಡಿಗೂ ತೆಗೆಸಿಲ್ಲ. ಬೆಳಿಗ್ಗೆ ಎದ್ದಾಗ ಕಣ್ಣು ಮೂಗು ನೆಪ್ಪಿಗೆ ಬತ್ತವೆ. ಮಧ್ಯಾಹ್ನದ ಹೊತ್ಗೆ ಹೊಂಟೋಗ್ತವೆ. ಮೊನ್ನೆ ಇಡೀ ದಿನ ಬರಲೇ ಇಲ್ಲ. ಮುಖಾನೇ ಮರೆತುಬುಟ್ರೆ ಅವಳು ಇನ್ನೊಂದು ಸಲ ಹೋದಂಗೆ ಅಲ್ವಾ?"

ಚಾಚಾ ಮುಂದುವರಿಸಿದರು. ಆ ಬೀದಿಯ ಯಾವ ಮದುವೆಯಾದರೂ ಹೆಂಗಸರ ಕಡೆಯ ಉಸ್ತುವಾರಿ ಅವಳದೇ. ಫೋಟೋ ಎಲ್ಲ ತೆಗೆದದ್ದು ನೀವೇ. ಯಾವುದಾದರೂ ಮದುವೆಯಲ್ಲಿ ಒಂದು ಕಡೆ ಸಿಕ್ಕಿಯೇ ಇರುತ್ತಾಳೆ, ಹಳೇ ನೆಗೆಟಿವ್ ನೋಡಿ ಎಂದರು.

ಯಜಮಾನರು ಶೆಲ್ಫಿನ ಕಡೆ ನೋಡಿದರು. ನಾನೂ ನೋಡಿದೆ. ಅಲ್ಲಿ ನೆಗೆಟಿವ್ ಇರಲಿಲ್ಲ. ಫಿಲಂ ಕರಗಿಸಿ ಬೆಳ್ಳಿ ತೆಗೆಯುವವನೊಬ್ಬ ಹಿಂದಿನ ವರ್ಷ ಬಂದು, ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ತೂಕಕ್ಕೆ ಒಯ್ದಿದ್ದ. ಯಜಮಾನರು ಅದನ್ನು ಹೇಳಿದರು.

"ಬೆಳ್ಳಿ ಮಾಡ್ಬುಟ್ರಾ?" ಎಂದರು ಚಾಚಾ. "ಬದುಕಿದ್ದಾಗ ಒಂದು ಕಾಲುಚೈನು ಮಾಡಿಸಿಕೊಡಿ ಅಂತ ಎಷ್ಟು ಕೇಳಿದ್ಲು. ಈಗ ಅವಳೇ ಯಾರ ಕಾಲಿಗೆ ಚೈನು ಆಗವ್ಳೋ."

೨. ಫಾದರ್ ಹೇಳಿದ ಬಿಳಿ

ನೆಗೆಟಿವ್ ಹೋದರೂ ಆಲ್ಬಂ ಹೋಗಿರಲಿಲ್ಲ. ಆ ಬೀದಿಯ ಹೆಣ್ಣುಮಕ್ಕಳು ಕನಕಪುರ, ಮಾಗಡಿ, ಚನ್ನಪಟ್ಟಣಕ್ಕೆ ಮದುವೆಯಾಗಿ ಹೋದ ಮೇಲೆ ತಮ್ಮ ಮದುವೆಯ ಆಲ್ಬಮ್ಮನ್ನೂ ಟ್ರಂಕಿಗೆ ಸೇರಿಸಿ ಒಯ್ದಿದ್ದರು. "ಹೆಂಗೂ ಊರೂರು ಸುತ್ತೀಯ, ಹೋದ ಕಡೆ ಆಯಮ್ಮನ್ನ ಹುಡುಕು ಕಣ್ಲಾ" ಎಂದರು ಯಜಮಾನರು.

ಮೊದಲು ಕನಕಪುರ. ಅಲ್ಲಿಂದಾಚೆ ಕಾಡಂಚಿನ ಕ್ರೈಸ್ತರ ಹಳ್ಳಿಗೆ ಒಂದು ಆಲ್ಬಂ ಮುಟ್ಟಿಸುವುದಿತ್ತು. ಚರ್ಚಿನ ಫಾದರ್ ಅದನ್ನು ತಿರುವಿ ನೋಡುತ್ತಾ, "ಇದಕ್ಕೆ ಆಲ್ಬಂ ಅಂತ ಯಾಕಂತಾರೆ ಗೊತ್ತೇನಪ್ಪ?" ಎಂದರು.

"ಇಂಗ್ಲಿಷ್ನೋರು ಇಟ್ಟ ಹೆಸರು, ಫಾದರ್."

"ಅವರಿಗೂ ಅದು ಸಾಲವೇ. ಲ್ಯಾಟಿನ್ ಮಾತು ಅದು. ಬಿಳಿ ಅಂತ ಅರ್ಥ. ರೋಮಿನಲ್ಲಿ ಒಂದು ಹಲಗೆಗೆ ಸುಣ್ಣ ಬಳಿದು, ಊರಿಗೆ ಗೊತ್ತಾಗಬೇಕಾದ್ದನ್ನ ಅದರ ಮೇಲೆ ಬರೀತಿದ್ರು. ಆ ಬಿಳಿ ಹಲಗೆ ಆಲ್ಬಂ." ಗೋಡೆಗೆ ತೂಗು ಹಾಕಿದ್ದ ಉದ್ದ ಬಿಳಿ ನಿಲುವಂಗಿ ತೋರಿಸಿದರು. "ಪೂಜೆಗೆ ನಾನು ತೊಡೋ ಇದು ಆಲ್ಬ್. ಹುಟ್ಟುತ್ತಲೇ ಬಿಳುಚಿಕೊಂಡಿರೋ ಪ್ರಾಣಿ ಆಲ್ಬಿನೋ. ಮೊಟ್ಟೆಯ ಬಿಳಿ ಆಲ್ಬುಮಿನ್. ನಿಮ್ಮ ಕಸುಬಿನಲ್ಲೂ ಹಿಂದೆ ಫೋಟೋ ಕಾಗದಕ್ಕೆ ಆ ಬಿಳೀನೇ ಬಳೀತಿದ್ರು. ಎಲ್ಲ ಒಂದೇ ಬೇರು."

ನನಗೆ ಆಶ್ಚರ್ಯವಾಯಿತು. ಉರ್ದುವಿನವರು, ತಮಿಳರು, ತೆಲುಗರು, ನಾವು, ಯಾರ ಮನೆಗೆ ಹೋದರೂ ಆಲ್ಬಂ ಅಂದರೆ ಆಲ್ಬಮ್ಮೇ. ಎಲ್ಲೋ ಸುಣ್ಣ ಬಳಿದ ಹಲಗೆ ಕನಕಪುರದ ಬಸ್ಸಿನ ತನಕ ಬಂದುಬಿಟ್ಟಿದೆ. ಆದರೆ ಫಾದರ್ ಕೈಯಲ್ಲಿದ್ದ ಆಲ್ಬಮ್ಮಿನ ಹಾಳೆಗಳೆಲ್ಲ ಕಪ್ಪು. ಆಗ ನಾವು ಕಟ್ಟುತ್ತಿದ್ದದ್ದೇ ಕಪ್ಪು ರಟ್ಟಿನಲ್ಲಿ. ಅದನ್ನು ಹೇಳಿದೆ. ಫಾದರ್ ತಮ್ಮ ಬಿಳಿ ನಿಲುವಂಗಿಯ ಮಾಸಿದ ಅಂಚು ನೋಡಿ, "ಇಲ್ಲಿಗೆ ಬರೋ ದಾರೀಲಿ ಧೂಳು ಜಾಸ್ತಿ" ಎಂದರು.

ಕನಕಪುರಕ್ಕೆ ಮದುವೆಯಾಗಿ ಬಂದಿದ್ದ ಚಾಚಾ ಬೀದಿಯ ಹುಡುಗಿಯ ಮನೆಯಲ್ಲಿ ಅವಳ ಆಲ್ಬಂ ನೋಡಿದೆ. ಹೆಂಗಸರ ಕಡೆಯ ಪರದೆಯ ಪಕ್ಕ ಬಳೆ ತೊಟ್ಟ ಒಂದು ಕೈ ಇತ್ತು, ಚಾಚಾ ಹೆಂಡತಿಯದೇ ಎಂದಳು ಅವಳು. ಕೈ ಮಾತ್ರ.

ವಾಪಸು ಬಂದು ಚಾಚಾಗೆ ಕೈಯ ಸಂಗತಿ ಹೇಳಿದೆ, ಬೇಜಾರು ಕಳೆಯಲಿ ಅಂತ ಫಾದರ್ ಹೇಳಿದ್ದನ್ನೂ ಹೇಳಿದೆ. ಮೊಟ್ಟೆಗೆ ಬರುವಷ್ಟರಲ್ಲಿ ಅವರು ತಡೆದರು.

"ಆಲ್ಬುಮಿನ್? ಡಾಕ್ಟ್ರು ಅದನ್ನೇ ಅಂದಿದ್ದು. ಅವಳ ಉಚ್ಚೇಲಿ ಆಲ್ಬುಮಿನ್ ಹೋಗ್ತಾ ಐತೆ, ಕಿಡ್ನಿ ಕೆಟ್ಟೈತೆ ಅಂತ."

"ಅದೇ ಮಾತು, ಚಾಚಾ."

"ಆಲ್ಬುಮಿನ್ ಕಡೆಯಿಂದ ಹೋದೋಳನ್ನ ನಾವು ಆಲ್ಬಂ ಕಡೆಯಿಂದ ಹುಡುಕ್ತಾ ಇದೀವಿ. ಲ್ಯಾಟಿನ್ ಕಲಿತಿದ್ರೆ ಆಸ್ಪತ್ರೇಲೇ ಹಿಡ್ಕೋಬೋದಿತ್ತು."

೩. ಕೂಟಗಲ್ಲಿನ ಕರು

ಕೂಟಗಲ್ಲಿನ ಒಬ್ಬ ರೈತರ ಎಮ್ಮೆ ಬೆಳ್ಳನೆಯ ಕರು ಹಾಕಿತ್ತು. ಚರ್ಮ ಗುಲಾಬಿ, ಕಣ್ಣರೆಪ್ಪೆಯೂ ಬಿಳಿ, ಬಿಸಿಲಿಗೆ ಕಣ್ಣು ಬಿಡಲಾರದು. ಫಾದರ್ ಹೇಳಿದ ಆಲ್ಬಿನೋ. ರೈತರ ಭಾವಮೈದ ನಂಬಲಿಲ್ಲವಂತೆ. ಅವನಿಗೆ ತೋರಿಸಲು ಫೋಟೋ ಬೇಕಿತ್ತು. ಕರು ಬದುಕುವ ಹಂಗಿಲ್ಲ, ಬೇಗ ಬನ್ನಿ ಎಂದು ಹೇಳಿಕಳಿಸಿದ್ದರು. ನಾನೇ ಹೋಗಿ ತೆಗೆದೆ.

ನಮ್ಮಲ್ಲಿ ಪ್ರಿಂಟು ಹಾಕುವ ಮಾಮ ಒಬ್ಬರಿದ್ದರು. ಕತ್ತಲೆ ಕೋಣೆಯಿಂದ ಹೊರಗೆ ಬರುತ್ತಿದ್ದದ್ದು ಕಾಫಿಗೆ ಮಾತ್ರ. ಮದುಮಗಳು ಎಷ್ಟು ಕಪ್ಪಗಿದ್ದರೂ ಅವರ ಕೈಯಲ್ಲಿ ಹಾಲಿನ ಬಣ್ಣಕ್ಕೆ ಬರುತ್ತಿದ್ದಳು. ಪ್ರಿಂಟು ತೊಳೆಯುವ ಟ್ರೇಯಲ್ಲಿ ಬೆಳ್ಳನೆಯ ಎಮ್ಮೆ ಮೂಡಿದ್ದನ್ನು ಕಂಡು, ಇದು ನಾನು ತೆಗೆಯುವಾಗ ಬೆಳಕು ಕೆಡಿಸಿದ್ದು ಎಂದುಕೊಂಡರು. ಅಧಿಕಪ್ರಸಂಗಿ ಎಂದು ನನ್ನನ್ನು ಬೈದುಕೊಳ್ಳುತ್ತಾ ಎರಡನೇ ಪ್ರಿಂಟು ಹಾಕಿ, ಸಾಲದೆ ಬ್ರಷ್ಷು ಹಿಡಿದು ಕೂತು, ಕಿವಿಯಿಂದ ಬಾಲದ ತನಕ ಮಸಿ ಹಚ್ಚಿ ಸರಿಮಾಡಿದರು. ನಾನು ಊರಲ್ಲಿರಲಿಲ್ಲ. ಯಜಮಾನರು ಕವರು ಬಿಚ್ಚಿ ನೋಡದೆ ಕೊಟ್ಟುಬಿಟ್ಟರು.

ರೈತರು ಮತ್ತೆ ಬಂದಾಗ ನಾನಿದ್ದೆ. ಕೂಗಾಡಲಿಲ್ಲ. ಫೋಟೋ ಮೇಜಿನ ಮೇಲಿಟ್ಟರು. "ಕರು ನೆನ್ನೆ ಹೋಯ್ತು. ಇದನ್ನ ಭಾವಮೈದನಿಗೆ ಕೊಟ್ಟೆ. ಮೂರು ಸಲ ತಿರುಗಿಸಿ ನೋಡಿ, ಎಮ್ಮೆ ಚೆನ್ನಾಗೈತೆ ಭಾವ ಅಂದ."

ಇನ್ನೊಂದು ಪ್ರಿಂಟು ಹಾಕಿಕೊಡುತ್ತೇವೆ ಎಂದರು ಯಜಮಾನರು. ರೈತರು ಗೋಡೆಯ ಮೇಲಿದ್ದ ಹಾಲುಬಣ್ಣದ ಮದುವಣಗಿತ್ತಿಯರನ್ನೆಲ್ಲ ಒಂದು ಸುತ್ತು ನೋಡಿದರು.

"ಕಪ್ಪಗಿರೋ ಹೆಣ್ಮಕ್ಕಳನ್ನ ಬೆಳ್ಳಗೆ ಮಾಡ್ತೀರ, ಬೆಳ್ಳಗಿರೋ ಎಮ್ಮೇನ ಕಪ್ಪಗೆ ಮಾಡ್ತೀರ. ನಿಮ್ಮ ಅಂಗಡೀಲಿ ಹುಟ್ಟಿದ ಬಣ್ಣದಾಗೆ ಇರಕ್ಕೆ ಯಾರನ್ನೂ ಬುಡಾಕಿಲ್ವಾ?"

೪. ಜಗಲಿಗೆ ಬಂದ ಮಾವನವರು

ಮಾಗಡಿಯಲ್ಲಿದ್ದ ಆ ಬೀದಿಯ ಮದುಮಗಳ ಆಲ್ಬಂ ನೋಡುವುದು ಬೇಗ ಮುಗಿಯಿತು. ಚಾಚಾ ಹೆಂಡತಿ ಎಂದು ಆ ಹುಡುಗಿ ಬೆರಳಿಟ್ಟು ತೋರಿಸಿದ್ದು ಒಂದು ಬೆನ್ನನ್ನು. ಪರದೆಗೆ ಅಡ್ಡ ನಿಂತ ಅಗಲವಾದ ಬೆನ್ನು. "ಫೋಟೋದವರನ್ನ ಒಳಗೆ ಬಿಡ್ತಿರಲಿಲ್ಲ ಅವರು. ಬೆನ್ನು ತಿರುಗಿಸಿ ಅಡ್ಡ ನಿಂತು ತಡೀತಿದ್ರು" ಎಂದಳು. ಆಗ ನನಗೆ ಅರ್ಥವಾಯಿತು. ಕ್ಯಾಮೆರಾದವರನ್ನು ಅಟ್ಟುವುದೇ ಕೆಲಸವಾಗಿದ್ದವರ ಮುಖ ಕ್ಯಾಮೆರಾದಲ್ಲಿ ಎಲ್ಲಿ ಸಿಗಬೇಕು?

ಬೇಸರದಲ್ಲೇ ಪಕ್ಕದ ಬೀದಿಯ ಒಂದು ಬ್ರಾಹ್ಮಣರ ಮನೆಗೆ ಹೋದೆ. ದೇವರ ಮನೆಯಲ್ಲಿದ್ದ ಹಿರಿಯರೊಬ್ಬರ ಹಳೇ ಫೋಟೋ ಮಾಸಿತ್ತು, ಅದರ ಕಾಪಿ ತೆಗೆಸಬೇಕಿತ್ತು. ಕಂದು ಬಣ್ಣಕ್ಕೆ ತಿರುಗಿದ, ಹೊಳೆಯುವ ತೆಳು ಕಾಗದ. ಗಂಧ ಹಚ್ಚಿ ಹಚ್ಚಿ ಹಣೆ ಅಳಿಸಿಹೋಗಿತ್ತು. ನನಗೆ ಫಾದರ್ ಮಾತು ನೆನಪಾಗಿ, ಹೊಸದಾಗಿ ಕಲಿತವನ ಹುಮ್ಮಸ್ಸಿನಲ್ಲಿ, "ಆ ಕಾಲದ ಕಾಗದಕ್ಕೆ ಮೊಟ್ಟೆ ಬಿಳಿ ಬಳೀತಿದ್ರಂತೆ" ಎಂದುಬಿಟ್ಟೆ.

ಆ ಮನೆಯ ಮಗ ಫೋಟೋವನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆ ತಂದು ಜಗಲಿಯ ಗೋಡೆಗೆ ಒರಗಿಸಿದ. ಇಷ್ಟು ಕಾಲ ನೈವೇದ್ಯ ಮಾಡಿದ್ದು ಯಾವ ಲೆಕ್ಕಕ್ಕೆ, ಪುರೋಹಿತರನ್ನ ಕೇಳಬೇಕೋ ಬೇಡವೋ ಅಂತ ಸೊಸೆಯಂದಿರು ಪಿಸುಗುಟ್ಟಿದರು. ನಾನು ಚಪ್ಪಲಿ ಹುಡುಕತೊಡಗಿದೆ.

ಮನೆಯ ಅಜ್ಜಿ ಮಾತ್ರ ಕಂಬಕ್ಕೆ ಒರಗಿ, ಎಲೆ ಅಡಿಕೆ ಜಗಿಯುತ್ತಾ ಕೂತಿದ್ದರು. ಫೋಟೋದಲ್ಲಿದ್ದದ್ದು ಅವರ ಮಾವನವರು. ಮಗನನ್ನು ಹತ್ತಿರ ಕರೆದರು.

"ಒಂದು ಸಲ ಸಂತೇಲಿ ಈರುಳ್ಳಿ ಬಜ್ಜಿ ತಿಂದು ಬಂದ್ರು ಅಂತ ನಿಮ್ಮಪ್ಪನ್ನ ಆ ಜಗಲಿ ಮೇಲೆ ಮಲಗಿಸಿದ್ರು ಅವರು. ಮಾಗಿ ಚಳಿ. ಒಂದು ಕಂಬಳಿ ಕೊಡೋಕೂ ನನ್ನ ಬಿಡಲಿಲ್ಲ. ಪುರೋಹಿತರನ್ನ ಈಗಲೇ ಕರೀಬೇಡ. ಸ್ವಲ್ಪ ದಿನ ಅವರೂ ಅಲ್ಲೇ ಇರಲಿ."

೫. ಒಳ್ಳೇ ಹೆಂಗಸು

ಕೊನೆಗೆ ಉಳಿದದ್ದು ಚನ್ನಪಟ್ಟಣದ ಒಂದು ಬೊಂಬೆ ಮಾಡುವವರ ಮನೆ. ಆ ಮನೆಯ ಸೊಸೆ ಆಲ್ಬಂ ತಂದಳು. ಕೈ ಇಲ್ಲ, ಬೆನ್ನೂ ಇಲ್ಲ. ಎದ್ದು ಹೊರಟೆ. ಅವಳು ಏನೋ ನೆನಪಾಗಿ ನಗುತ್ತಾ ಒಳಗೆ ಹೋಗಿ, ಟ್ರಂಕಿನ ತಳದಿಂದ ಒಂದು ಬಿಡಿ ಫೋಟೋ ತಂದಳು. "ಇದು ಕೆಟ್ಟುಹೋಗಿತ್ತು ಅಂತ ಅಂಟಿಸಿರಲಿಲ್ಲ."

ಸೊಟ್ಟಗೆ ಬಂದ ಫೋಟೋ. ನಮ್ಮ ಯಜಮಾನರು ಹಿಂದಕ್ಕೆ ಓಡುತ್ತಾ ಗಾಬರಿಯಲ್ಲಿ ಗುಂಡಿ ಒತ್ತಿದ್ದಿರಬೇಕು. ಅದರ ತುಂಬಾ ಚಾಚಾ ಹೆಂಡತಿ. ತಲೆ ಮೇಲಿನ ಸೆರಗು ಜಾರಿದೆ, ಹುಬ್ಬು ಮೇಲೇರಿದೆ, ಬಾಯಿ ಪೂರಾ ತೆರೆದಿದೆ, ಬಲಗೈ ಹೊಡೆಯಲು ಎತ್ತಿದೆ.

ದೊಡ್ಡದು ಮಾಡಲು ಕೊಟ್ಟಾಗ ಪ್ರಿಂಟಿನ ಮಾಮ ನೋಡಿ ನಾಲಗೆ ಕಚ್ಚಿಕೊಂಡರು. "ಸತ್ತೋರನ್ನ ಹಿಂಗೆ ಕೊಡಕ್ಕಾಯ್ತದಾ?" ಎಂದು, ನಾನು ಬೇಡವೆಂದರೂ ಕೇಳದೆ ಬ್ರಷ್ಷು ಹಿಡಿದು ಕೂತರು. ಬಾಯಿ ಮುಚ್ಚಿಸಿದರು. ಹುಬ್ಬು ಇಳಿಸಿದರು. ಕೈಯನ್ನು ಕತ್ತಲಲ್ಲಿ ಕರಗಿಸಿದರು. ಸೆರಗು ತಲೆ ಮೇಲೆ ಬಂತು, ತುಟಿಯಲ್ಲಿ ಸಣ್ಣ ನಗುವೂ ಬಂತು. ಬಣ್ಣ ಹಾಲಿನದು.

ಚಾಚಾ ಬೀಡಿ ಕಚ್ಚಿಕೊಂಡು ಬಂದರು. ಯಜಮಾನರು ಹೆಮ್ಮೆಯಿಂದ ಆ ಫೋಟೋ ಮುಂದಿಟ್ಟರು. ಚಾಚಾ ಕನ್ನಡಕ ಒರೆಸಿ ನೋಡಿದರು, ಬಾಗಿಲ ಬೆಳಕಿಗೆ ಒಯ್ದು ನೋಡಿದರು. ಅವರ ಮುಖ ನಿಧಾನವಾಗಿ ಬಿದ್ದುಹೋಯಿತು. ನನಗೆ ಹೆದರಿಕೆಯಾಯಿತು. ಮುಖ ಪೂರಾ ಮರೆತೇ ಹೋಯಿತೇನೋ, ತಡವಾಯಿತೇನೋ ಎಂದುಕೊಂಡೆ.

"ಒಳ್ಳೇ ಹೆಂಗಸು ಇದ್ದಂಗೆ ಅವ್ರೆ" ಎಂದರು. "ಯಾರಪ್ಪ ಇವರು?"

ನಾನು ಡ್ರಾಯರಿನಿಂದ ಆ ಸೊಟ್ಟ ಫೋಟೋ ತೆಗೆದು ಪಕ್ಕದಲ್ಲಿಟ್ಟೆ.

ಚಾಚಾ ಬಾಯಲ್ಲಿದ್ದ ಬೀಡಿಯನ್ನು ಸರಕ್ಕನೆ ತೆಗೆದು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು. ಆಮೇಲೆ, ಯಾರನ್ನು ಕಂಡು ಮುಚ್ಚಿಟ್ಟೆ ಎಂದು ಗೊತ್ತಾಗಿ, ಸ್ಟೂಲಿನ ಮೇಲೆ ಕೂತರು.

"ಬಂದ್ಲು" ಎಂದರು.

ಮನೆಯಲ್ಲಿ ನಮಾಜು ಮಾಡುವುದರಿಂದ ಗೋಡೆಗೆ ಹಾಕುವಂತಿಲ್ಲ, ಒಂದು ಆಲ್ಬಂ ಕಟ್ಟಿಕೊಡು ಬೇಟಾ, ಹಾಳೆ ಬಿಳಿಯದೇ ಇರಲಿ ಎಂದು ಕೇಳಿದರು. ಎರಡೇ ಹಾಳೆಯದು ಕಟ್ಟಿದೆ. ನಾನು ಅಲ್ಲಿ ಕಟ್ಟಿದ ಕೊನೆಯ ಆಲ್ಬಂ ಅದೇ. ಮೈಸೂರಿನಿಂದ ರೆಡಿಮೇಡ್ ಆಲ್ಬಮ್ಮುಗಳು ಬರತೊಡಗಿದ್ದವು. ಅವು ಬಾರದಿದ್ದರೂ ನಾನು ಹೊರಡುವವನೇ. ಕಾಲು ಜೋಮು ಹಿಡಿಯಲು ಶುರುವಾಗಿತ್ತು.

ಚಾಚಾ ಆಲ್ಬಂ ಒಯ್ಯಲು ಬಂದ ದಿನ ನಾನು ಕೌಂಟರಿನ ಹಿಂದೆ ಕೂತು ಬಟ್ಟೆ ಮಡಚಿ ಬ್ಯಾಗಿಗೆ ತುಂಬುತ್ತಿದ್ದೆ.

"ಎಲ್ಲಿಗೆ?" ಎಂದರು.

"ಕೆಂಗಲ್ ಹತ್ರ ಹೈವೇಲಿ ನಿಂತ್ಕೊಂಡ್ರೆ ಎರಡೂ ಕಡೆಗೆ ಬಸ್ ಬತ್ತವೆ. ಮೊದಲು ಬಂದದ್ದು ಹತ್ತೋದು."

ಅವರು ತಲೆಯಾಡಿಸಿ, ಆಲ್ಬಂ ತೆರೆದರು. ಮೊದಲ ಬಿಳಿ ಹಾಳೆಯಲ್ಲಿ ಹೆಂಡತಿ ಕೈ ಎತ್ತಿ ನಿಂತಿದ್ದರು. ಎದುರಿನ ಹಾಳೆ ಖಾಲಿ. ಅದನ್ನು ಕಂಡ ಯಜಮಾನರಿಗೆ, ಮಾಮ ಅಷ್ಟು ಕಷ್ಟಪಟ್ಟು ತಿದ್ದಿದ ಫೋಟೋ ಸುಮ್ಮನೆ ಬಿದ್ದಿದೆಯಲ್ಲ ಎನ್ನಿಸಿತು. ಅದನ್ನು ತಂದು, "ಈ ಕಡೆ ಹಾಳೇಲಿ ಇದನ್ನೂ ಅಂಟಿಸಿಕೊಡ್ತೀವಿ ಚಾಚಾ, ಜಾಗ ಐತಲ್ಲ" ಎಂದರು.

ಚಾಚಾ ಆ ನಗುಮುಖದ ಹೆಂಗಸನ್ನು ನೋಡಿದರು. ಆಮೇಲೆ ಹೆಂಡತಿಯ ಎತ್ತಿದ ಕೈ ನೋಡಿದರು. ಆಲ್ಬಮ್ಮನ್ನು ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ಅವಳಿಗೆ ಕೇಳಿಸಬಾರದು ಎಂಬಂತೆ ದನಿ ತಗ್ಗಿಸಿದರು.

"ಇವಳ ಎದುರಿಗೆ ಇನ್ನೊಬ್ಬಳನ್ನ ತಂದು ಕೂರಿಸ್ತೀವಿ ಅಂತೀರಲ್ಲಪ್ಪ, ಮನೆಗೆ ಹೋಗಬೇಕಾದೋನು ನಾನು."